ದೊಡ್ಡಪ್ಪನ ರಸೀದಿ ಪುಸ್ತಕ

ಬೇಲೂರು–ಚಿಕ್ಕಮಗಳೂರು ರಸ್ತೆ ಬಿಟ್ಟು ಮೂರು ಮೈಲಿ ಒಳಗೆ ಹೋದರೆ ನಮ್ಮೂರು. ಊರಿನ ಕೊನೆಯ ಹೆಂಚಿನ ಮನೆ ದೊಡ್ಡಪ್ಪನದು. ಮುಂದೆ ಕಾಫಿ ಒಣಹಾಕುವ ಕಣ, ಹಿಂದೆ ಆರೆಕರೆ ತೋಟ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಪಡಸಾಲೆಯ ಗೋಡೆಯಲ್ಲಿ ದೇವರ ಪಟಗಳ ಸಾಲು ಮುಗಿದ ಕೂಡಲೇ ಎರಡು ಫೋಟೊ. ಒಂದು ಜನಸಂಘದ ನಾಯಕ ದೀನದಯಾಳ ಉಪಾಧ್ಯಾಯರದು, ಇನ್ನೊಂದು ವಾಜಪೇಯಿಯವರದು. 2018ರ ಆಗಸ್ಟ್ 16ರ ಸಂಜೆ ವಾಜಪೇಯಿ ಫೋಟೊಗೆ ಹಾಕಿದ ಗಂಧದ ಹಾರ ಇನ್ನೂ ಹಾಗೇ ಇದೆ. ಅದರ ಧೂಳನ್ನು ದೊಡ್ಡಪ್ಪ ಅಮಾವಾಸ್ಯೆಗೊಮ್ಮೆ ತಾವೇ ಒರೆಸುತ್ತಾರೆ, ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ದೊಡ್ಡಪ್ಪನಿಗೆ ಎಪ್ಪತ್ತೈದು ದಾಟಿದೆ. ಜನಸಂಘದ ಕಾಲದಿಂದ ಒಂದೇ ಪಕ್ಷ, ಈಗಿನ ಬಿಜೆಪಿ. 1987ರಲ್ಲಿ ಮಂಡಲ ಪಂಚಾಯಿತಿಗೆ ಒಂದು ಸಲ ಗೆದ್ದದ್ದು ಬಿಟ್ಟರೆ ಅವರು ಯಾವ ಅಧಿಕಾರವನ್ನೂ ಕಂಡವರಲ್ಲ. ಆದರೆ ಸುತ್ತಿನ ಹತ್ತು ಹಳ್ಳಿಯಲ್ಲಿ ಅವರ ಪಕ್ಷ ಅಂದರೆ ಮೂವತ್ತು ವರ್ಷ ಅವರೇ ಆಗಿದ್ದರು. ಅವರ ಬಗ್ಗೆ ಜನ ಆಡುವ ಮಾತು ಒಂದೇ: ‘ಗೌಡ್ರು ಒಳ್ಳೇರು, ಪಕ್ಷ ಸರಿಯಿಲ್ಲ.’ ಈಚೆಗೆ ಅವರ ಪಕ್ಷದ ಹುಡುಗರು ಬೇರೆ ಮಾತು ಕಲಿತಿದ್ದಾರೆ: ‘ಗೌಡ್ರು ಮೆತ್ತಗಾದ್ರು.’ ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡ ಜನರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬಲಕ್ಕೆ ವಾಲಿದ ಪಕ್ಷದೊಳಗೆ ಇದ್ದುಕೊಂಡೇ ಅದರ ಕಟ್ಟಾ ದನಿಗೆ ದನಿ ಸೇರಿಸದವರು ಇವರು. ಪೇಪರಿನವರು ಇವರನ್ನು ಸೌಮ್ಯವಾದಿ ಅನ್ನುತ್ತಾರೆ. ಟಿವಿಯವರು ಸಾಫ್ಟ್ ಲೀಡರ್ ಅನ್ನುತ್ತಾರೆ. ಪಕ್ಷದೊಳಗಿನ ಬೈಗುಳ ‘ಅಡ್ಜಸ್ಟ್‌ಮೆಂಟ್ ಗಿರಾಕಿ.’

ದೊಡ್ಡಪ್ಪನ ಸೌಮ್ಯ ಎಲ್ಲಿಂದ ಬಂತು ಅಂತ ನಾನು ತುಂಬಾ ಯೋಚಿಸಿದ್ದೇನೆ. ಹುಟ್ಟುಗುಣ ಅಂತೂ ಅಲ್ಲ. ತೋಟದ ಬೇಲಿ ವಿಷಯಕ್ಕೆ ಅವರು ಕೂಗಾಡಿದ್ದನ್ನು ನಾನೇ ಕಂಡಿದ್ದೇನೆ. ನನ್ನ ಲೆಕ್ಕದಲ್ಲಿ ಅದಕ್ಕೆ ಎರಡು ಕಾರಣ.

ಮೊದಲನೆಯದು ಜೈಲು. ತುರ್ತುಪರಿಸ್ಥಿತಿಯಲ್ಲಿ, 1975ರ ನವೆಂಬರ್‌ನಲ್ಲಿ ಶುರುವಾದ ಸತ್ಯಾಗ್ರಹಕ್ಕೆ ಹೋಗಿ ಸಿಕ್ಕಿಬಿದ್ದು ಮೂರು ತಿಂಗಳು ಒಳಗಿದ್ದರು. ಆಗ ಆರೆಸ್ಸೆಸ್ಸನ್ನೂ ಜಮಾತೆ ಇಸ್ಲಾಮಿಯನ್ನೂ ಸರ್ಕಾರ ಒಟ್ಟಿಗೇ ನಿಷೇಧಿಸಿತ್ತು. ಹಾಗಾಗಿ ದೊಡ್ಡಪ್ಪನ ಪಕ್ಕದ ಚಾಪೆ ಜಮಾತಿನ ಒಬ್ಬ ಮೇಷ್ಟ್ರದ್ದು, ಅದರಾಚೆ ಒಬ್ಬ ಸಮಾಜವಾದಿ ವಕೀಲರದ್ದು. ಮೇಷ್ಟ್ರು ನಸುಕಿನಲ್ಲಿ ನಮಾಜಿಗೆ ಏಳುವಾಗ ಇವರ ಕಾಲು ತುಳಿಯದಂತೆ ಗೋಡೆ ಹಿಡಿದು ನಡೆಯುತ್ತಿದ್ದರಂತೆ. ಇವರು ಪ್ರಾರ್ಥನೆಗೆ ನಿಂತರೆ ಮೇಷ್ಟ್ರು ಮಾತು ನಿಲ್ಲಿಸುತ್ತಿದ್ದರಂತೆ. ‘ವಾದ ಮಾಡ್ತಿದ್ವಿ ಮಗಾ, ಜೋರಾಗೇ ಮಾಡ್ತಿದ್ವಿ. ಆದ್ರೆ ಊಟದ ಗಂಟೆ ಹೊಡೆದ್ರೆ ಒಂದೇ ಸಾಲು’ ಅನ್ನುತ್ತಾರೆ. ವಾಜಪೇಯಿ, ಅಡ್ವಾಣಿ, ಸಮಾಜವಾದಿ ಮಧು ದಂಡವತೆ ಇದೇ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದವರು. 1977ರಲ್ಲಿ ಜನಸಂಘ ತನ್ನನ್ನೇ ಜನತಾ ಪಕ್ಷದಲ್ಲಿ ಕರಗಿಸಿಕೊಂಡದ್ದು ಬರೀ ಸೀಟಿನ ಲೆಕ್ಕಾಚಾರದಿಂದ ಅಂತ ನನಗೆ ಅನ್ನಿಸುವುದಿಲ್ಲ. ಒಂದೇ ಸಾಲಿನಲ್ಲಿ ಕೂತು ಉಂಡವರ ಸಲಿಗೆಯೂ ಅದರಲ್ಲಿತ್ತು.

ಎರಡನೆಯದು ಸೋಲು. ಹಾಸನ ಜಿಲ್ಲೆಯಲ್ಲಿ ಆಗ ಜನಸಂಘಕ್ಕೆ ಠೇವಣಿ ಉಳಿದರೆ ಅದೇ ಜಯ. ಚೀಟಿ ಹಂಚಲು ಜನ ಬೇಕಾದರೆ ನೆಂಟರನ್ನೇ ಕರೆಯಬೇಕು, ಮೈಕ್ ಬೇಕಾದರೆ ಎದುರು ಪಕ್ಷದವರ ಸೌಂಡ್ ಸರ್ವಿಸ್ಸಿನಿಂದಲೇ ತರಬೇಕು. ಬೆಳಗ್ಗೆ ಬೈದವರ ಜೀಪು ಸಂಜೆ ಹತ್ತಬೇಕು. 1978ರಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತಾಗ ದೊಡ್ಡಪ್ಪ ಇಪ್ಪತ್ತು ದಿನ ಮನೆ ಬಿಟ್ಟು, ಜನತಾ ಪಕ್ಷದ ವೀರೇಂದ್ರ ಪಾಟೀಲರ ಪರ ತೋಟದ ಲೈನು ಮನೆಗಳನ್ನು ಸುತ್ತಿದ್ದರು. ರಾತ್ರಿ ಉಳಿದುಕೊಳ್ಳುತ್ತಿದ್ದದ್ದು ಕಾಂಗ್ರೆಸ್ಸಿನ ಒಬ್ಬ ಸಾಹುಕಾರರ ಔಟ್‌ಹೌಸಿನಲ್ಲಿ. ಪಾಟೀಲರು ಸೋತರು. ಎರಡು ವರ್ಷ ಕಳೆಯುವುದರೊಳಗೆ ಅದೇ ಪಾಟೀಲರು ಇಂದಿರಾ ಅವರ ಸಂಪುಟದಲ್ಲಿ ಮಂತ್ರಿ. ಇಂದಿರಾ ಅವರಿಗಾಗಿ ಸೀಟು ಬಿಟ್ಟುಕೊಟ್ಟ ಡಿ.ಬಿ. ಚಂದ್ರೇಗೌಡರು 2009ರಲ್ಲಿ ಬೆಂಗಳೂರು ಉತ್ತರದಿಂದ ಬಿಜೆಪಿ ಸಂಸದರು. ಇಂಥ ಊರಿನಲ್ಲಿ ರಾಜಕೀಯ ಮಾಡಿದವರಿಗೆ ಎದುರಾಳಿಯನ್ನು ಜನ್ಮದ ವೈರಿ ಅಂದುಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು?

ಹಳೇ ಜನಸಂಘದವರು ಜನತಾ ಪಕ್ಷದಿಂದ ಹೊರಬಂದು, 1980ರ ಏಪ್ರಿಲ್ 6ರಂದು ಬಿಜೆಪಿ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ವಾಜಪೇಯಿ, ಮೊದಲ ಘೋಷಣೆಗಳಲ್ಲಿ ಒಂದು ಗಾಂಧಿವಾದಿ ಸಮಾಜವಾದ. ಇವತ್ತಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. 1983ರಲ್ಲಿ ಕರ್ನಾಟಕದಲ್ಲಿ ಪಕ್ಷಕ್ಕೆ 18 ಸೀಟು ಬಂದಾಗ ರಾಮಕೃಷ್ಣ ಹೆಗಡೆಯವರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿತು. 1985ರಲ್ಲಿ ಅದು 2ಕ್ಕೆ ಇಳಿಯಿತು. ಲೋಕಸಭೆಯಲ್ಲೂ 1984ರಲ್ಲಿ ಬರೀ 2. ಮೃದು ದಾರಿಯಿಂದ ಹೊಟ್ಟೆ ತುಂಬುವುದಿಲ್ಲ ಅಂತ ಪಕ್ಷ ತೀರ್ಮಾನ ಮಾಡಿದ್ದು ಆಗಲೇ. ಅಲ್ಲಿಂದ ಮುಂದಿನ ಕಥೆ ಎಲ್ಲರಿಗೂ ಗೊತ್ತು. ಸಣ್ಣ ಪಕ್ಷಕ್ಕೆ ದೊಡ್ಡಪ್ಪನಂಥವರು ಆಧಾರಸ್ತಂಭ. ಪಕ್ಷ ಬೆಳೆದ ಮೇಲೆ ಅವರು ಮಂಟಪದ ಮುಂದಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಲು ಮಾತ್ರ ಬೇಕು.

ವಾಜಪೇಯಿಯವರ ವಿಷಯ ಸ್ವಲ್ಪ ನಿಧಾನವಾಗಿ ಬರೆಯಬೇಕು, ಯಾಕೆಂದರೆ ಈ ಮನೆಯಲ್ಲಿ ಅದು ರಾಜಕೀಯದ ಮಾತಲ್ಲ, ಕರುಳಿನ ಮಾತು. ಒಳ್ಳೆಯ ಮನುಷ್ಯ, ತಪ್ಪು ಪಕ್ಷ ಅಂತ ಅವರನ್ನು ಕರೆಯುತ್ತಿದ್ದರಲ್ಲ, ಅದಕ್ಕೆ ಅವರೇ 1996ರಲ್ಲಿ ಸದನದಲ್ಲಿ ಉತ್ತರ ಕೊಟ್ಟಿದ್ದರು. ವಾಜಪೇಯಿ ಒಳ್ಳೆಯವರಾದರೆ ಆ ಒಳ್ಳೆಯ ವಾಜಪೇಯಿಯನ್ನು ನೀವು ಏನು ಮಾಡಬೇಕೆಂದಿದ್ದೀರಿ ಅಂತ ಎದುರಿನ ಬೆಂಚಿಗೆ ಕೇಳಿದ್ದರು. ಸದನ ನಕ್ಕಿತ್ತು. ದೊಡ್ಡಪ್ಪ ನಮ್ಮ ಮನೆಯ ಕಪ್ಪು-ಬಿಳುಪು ಟಿವಿ ಮುಂದೆ ಕೂತು ತೊಡೆ ತಟ್ಟಿಕೊಂಡದ್ದು ನನಗೆ ನೆನಪಿದೆ. ಆಗ ನಾನಿನ್ನೂ ಹೈಸ್ಕೂಲು. ಅದು ಜಾಣ ಉತ್ತರ ಅಂತ ಆಗ ಅನ್ನಿಸಿತ್ತು. ಈಗ ಕೇಳಿದರೆ ಅದರೊಳಗೆ ಒಂದು ನೋವೂ ಕೇಳಿಸುತ್ತದೆ. ಹದಿಮೂರು ದಿನದ ಆ ಸರ್ಕಾರ ಉಳಿಯಲಿಲ್ಲ.

ಆಮೇಲೆ 2002. ಗುಜರಾತ್ ಹೊತ್ತಿ ಉರಿದ ವರ್ಷ. ಏಪ್ರಿಲ್ 4ರಂದು ಪ್ರಧಾನಿ ವಾಜಪೇಯಿ ಅಹಮದಾಬಾದಿಗೆ ಹೋದರು. ಪತ್ರಿಕಾಗೋಷ್ಠಿಯಲ್ಲಿ ಮುಖ್ಯಮಂತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ರಾಜಧರ್ಮ ಪಾಲಿಸಬೇಕು ಅಂದರು. ಜಾತಿ, ಮತ ನೋಡಿ ಪ್ರಜೆಗಳಲ್ಲಿ ಭೇದ ಮಾಡಬಾರದು ಅಂದರು. ದೊಡ್ಡಪ್ಪ ಆ ದಿನ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ‘ಕೇಳಿದ್ರಾ? ನಮ್ಮೋರು ಹೇಳಿದ್ದು ಕೇಳಿದ್ರಾ?’ ಅಂತ ಹೇಳಿಕೊಂಡು ಬಂದಿದ್ದರು. ಅವರು ಅಷ್ಟು ಹಗುರವಾಗಿ ನಡೆದದ್ದನ್ನು ನಾನು ಮತ್ತೆ ಕಾಣಲಿಲ್ಲ.

ಒಂದು ವಾರ ಕಳೆದು ಗೋವಾದಲ್ಲಿ ಪಕ್ಷದ ರಾಷ್ಟ್ರೀಯ ಕಾರ್ಯಕಾರಿಣಿ. ಮುಖ್ಯಮಂತ್ರಿ ರಾಜೀನಾಮೆ ಕೊಡಲು ಮುಂದಾದರು, ಪಕ್ಷ ಒಪ್ಪಲಿಲ್ಲ. ಅಲ್ಲಿನ ಬಹಿರಂಗ ಸಭೆಯಲ್ಲಿ ವಾಜಪೇಯಿ ಮುಸ್ಲಿಮರ ಬಗ್ಗೆ ಆಡಿದ ಮಾತು, ಅಹಮದಾಬಾದಿನಲ್ಲಿ ಆಡಿದ್ದಕ್ಕೆ ತದ್ವಿರುದ್ಧ. ಆಮೇಲೆ, ನಾನು ಹೇಳಿದ್ದು ಉಗ್ರವಾದಿಗಳ ಬಗ್ಗೆ ಮಾತ್ರ ಅಂತ ಸಮಜಾಯಿಷಿ ಬಂತು. ಪೇಪರು ಬಂದ ದಿನ ದೊಡ್ಡಪ್ಪ ಕಣದ ಕಟ್ಟೆ ಮೇಲೆ ಕೂತು ಅದನ್ನು ಎರಡು ಸಲ ಓದಿದರು. ಮಡಚಿ ಪಕ್ಕಕ್ಕಿಟ್ಟರು. ಏನೂ ಅನ್ನಲಿಲ್ಲ. ದೊಡ್ಡಮ್ಮ ತಂದಿಟ್ಟ ಕಾಫಿ ಲೋಟದ ಮೇಲೆ ಕೆನೆ ಕಟ್ಟಿತು. ಆ ಮೌನವನ್ನು ನಾನು ಇಪ್ಪತ್ತು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಏಪ್ರಿಲ್ 4ರ ವಾಜಪೇಯಿ ನಿಜವೋ, ಗೋವಾದ ವಾಜಪೇಯಿ ನಿಜವೋ ಅಂತ ಕೇಳಿದರೆ ದೊಡ್ಡಪ್ಪ ಇವತ್ತಿಗೂ ‘ಎರಡೂ ಅವರೇ’ ಅನ್ನುತ್ತಾರೆ. ಅದಕ್ಕಿಂತ ಪ್ರಾಮಾಣಿಕವಾದ ಉತ್ತರ ನಾನು ಯಾವ ಅಂಕಣದಲ್ಲೂ ಓದಿಲ್ಲ.

ನನ್ನ ಅಭಿಪ್ರಾಯ ದೊಡ್ಡಪ್ಪನದಕ್ಕಿಂತ ಕಟುವಾದದ್ದು. ಮೆಲುದನಿಯಲ್ಲಿ ಮಾತಾಡುವುದು, ಎದುರಾಳಿಯ ಮನೆ ಮದುವೆಗೆ ಹೋಗುವುದು, ಸದನದಲ್ಲಿ ಕವಿತೆ ಹೇಳುವುದು ಇವೆಲ್ಲ ಸೌಜನ್ಯ. ಸೌಜನ್ಯ ಬೇಕು, ಅದಿಲ್ಲದ ಊರಲ್ಲಿ ಬದುಕುವುದು ಕಷ್ಟ. ಆದರೆ ತನ್ನವರೇ ತಪ್ಪು ಮಾಡುವಾಗ ತನ್ನವರ ಮುಂದೆಯೇ ‘ಬೇಡ’ ಅನ್ನುವುದು ಬೇರೆ. ಅದಕ್ಕೆ ಬೆಲೆ ತೆರಬೇಕು. ಒಂದು ಸಲ ಅಂದು ಮರುವಾರ ಹಿಂದೆ ಸರಿದರೆ, ಸುಮ್ಮನಿದ್ದವರಿಗಿಂತ ಹೆಚ್ಚು ಹಾನಿ. ಯಾಕೆಂದರೆ ನಂಬಿ ಬಸ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಬಂದವರು ಬೆತ್ತಲಾಗುತ್ತಾರೆ.

ಹಾಗಾದರೆ ಹೊರಗೆ ಬರಬೇಕಿತ್ತಾ? ಇದು ನಮ್ಮಿಬ್ಬರ ನಡುವಿನ ಹಳೇ ಜಗಳ. ನಾನು ಎ.ಕೆ. ಸುಬ್ಬಯ್ಯನವರ ಹೆಸರು ಎತ್ತುತ್ತೇನೆ. ಕೊಡಗಿನವರು, ಬಿಜೆಪಿಯ ಮೊದಲ ರಾಜ್ಯಾಧ್ಯಕ್ಷರು. ಪಕ್ಷದಿಂದ ದೂರವಾದ ಮೇಲೆ 2019ರಲ್ಲಿ ತೀರಿಕೊಳ್ಳುವವರೆಗೂ ಸಂಘ ಪರಿವಾರವನ್ನು ಎದುರಿಸಿಯೇ ಮಾತಾಡಿದರು. ದೊಡ್ಡಪ್ಪ ತಲೆ ಆಡಿಸುತ್ತಾರೆ. ‘ಸುಬ್ಬಯ್ಯ ಗಟ್ಟಿ ಆಳು. ಆದ್ರೆ ಹೊರಗೆ ನಿಂತು ಕೂಗಿದ್ದು ಒಳಗಿದ್ದೋರ ಕಿವಿಗೆ ಬಿತ್ತಾ?’ ಅಂತಾರೆ. ನಾನು ಬ್ರಿಟನ್ನಿನ ಕಥೆ ಹೇಳುತ್ತೇನೆ. 2019ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವಿಲ್ಲದ ಬ್ರೆಕ್ಸಿಟ್, ಅಂದರೆ ಒಪ್ಪಂದವಿಲ್ಲದೆ ಯುರೋಪಿಯನ್ ಒಕ್ಕೂಟ ಬಿಡುವುದು, ಬೇಡ ಅಂತ ಮತ ಹಾಕಿದ ತಪ್ಪಿಗೆ ಕನ್ಸರ್ವೇಟಿವ್ ಪಕ್ಷ ತನ್ನ 21 ಸಂಸದರನ್ನು ಒಂದೇ ರಾತ್ರಿ ಹೊರಗೆ ಹಾಕಿತು. ಹಿಂದೆ ಹಣಕಾಸು ಸಚಿವರಾಗಿದ್ದ ಕೆನ್ ಕ್ಲಾರ್ಕ್, ಚರ್ಚಿಲ್ಲರ ಮೊಮ್ಮಗ ನಿಕೊಲಸ್ ಸೋಮ್ಸ್ ಇಬ್ಬರೂ ಅದರಲ್ಲಿದ್ದರು. ಆಮೇಲೆ ಹತ್ತು ಮಂದಿಯನ್ನು ವಾಪಸ್ ಸೇರಿಸಿಕೊಂಡರು. ಸ್ವತಂತ್ರರಾಗಿಯೋ ಬೇರೆ ಪಕ್ಷದಿಂದಲೋ ಡಿಸೆಂಬರಿನ ಚುನಾವಣೆಗೆ ನಿಂತವರಲ್ಲಿ ಒಬ್ಬರೂ ಗೆಲ್ಲಲಿಲ್ಲ. ‘ನೋಡ್ದಾ?’ ಅಂತಾರೆ ದೊಡ್ಡಪ್ಪ. ನನ್ನ ವಾದಕ್ಕೆ ಹೇಳಿದ ಕಥೆ ಅವರ ವಾದಕ್ಕೆ ಸಾಕ್ಷಿಯಾಗುತ್ತದೆ. ಆದರೂ ನನಗೆ ಆ 21 ಮಂದಿಯ ಮೇಲೆ ಗೌರವ ಕಡಿಮೆಯಾಗಿಲ್ಲ.

ಈಗ ರಸೀದಿ ಪುಸ್ತಕದ ವಿಷಯ.

2022ರ ಯುಗಾದಿ. ಕಾಪು ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲ ಅನ್ನುವ ಸುದ್ದಿ ಆಗಲೇ ಘಟ್ಟ ಹತ್ತಿ ಬಂದಿತ್ತು. ನಮ್ಮೂರ ಜಾತ್ರೆಗೆ ಇನ್ನೆರಡು ವಾರ. ಹೊಸತೊಡಕಿನ ದಿನ ಸಂಜೆ ದೇವಸ್ಥಾನದ ಜಗಲಿ ಮೇಲೆ ಕಮಿಟಿ ಸಭೆ. ನಾನು ಹಬ್ಬಕ್ಕೆ ಹಾಸನದಿಂದ ಬಂದಿದ್ದೆ, ಅರಳಿಕಟ್ಟೆ ಮೇಲೆ ಕೂತಿದ್ದೆ. ತೇರಿನ ಹಗ್ಗ, ಅನ್ನದಾನದ ಅಕ್ಕಿ, ಲೈಟಿಂಗು ಎಲ್ಲ ಮುಗಿದ ಮೇಲೆ ಒಬ್ಬ ಹುಡುಗ ಎದ್ದು, ಈ ಸಲ ಬಳೆ ಅಂಗಡಿ ಸಾಬರಿಗೆ ಕೊಡೋದು ಬೇಡ ಅಂದ. ಇನ್ನೂ ನಾಲ್ಕು ಜನ ಹೌದು ಅಂದರು. ಎಲ್ಲರೂ ದೊಡ್ಡಪ್ಪ ಸೇರಿಸಿದ ಹುಡುಗರೇ. ಕಮಿಟಿ ಅಧ್ಯಕ್ಷರು ಎದುರು ಪಕ್ಷದವರು, ಬಾಯಿ ಬಿಡಲಿಲ್ಲ. ಅವರ ಮೌನ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ದೊಡ್ಡಪ್ಪ ಎದ್ದು ಮನೆಗೆ ಹೋದರು. ಸಿಟ್ಟು ಮಾಡಿಕೊಂಡು ಹೋದರು ಅಂದುಕೊಂಡೆವು. ಹತ್ತು ನಿಮಿಷಕ್ಕೆ ವಾಪಸ್ ಬಂದರು, ಕೈಯಲ್ಲಿ ಅವರ ಟ್ರಂಕಿನ ಹಳೇ ಪುಸ್ತಕ. ಜಾತ್ರೆಯ ವಂತಿಗೆ ರಸೀದಿಯ ಪ್ರತಿಗಳು, 1981ರದ್ದು. ಆ ವರ್ಷ ತೇರಿನ ಗಾಲಿ ಹೊಸದು ಮಾಡಿಸಿದ್ದು. ಕಾರ್ಬನ್ ಮಸಿ ನೀಲಿಯಿಂದ ಬೂದಿ ಬಣ್ಣಕ್ಕೆ ತಿರುಗಿತ್ತು, ಹಾಳೆಯ ಅಂಚನ್ನು ಗೆದ್ದಲು ತಿಂದಿತ್ತು. ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ಮಗುಚಿ, ನಿಲ್ಲಿಸಿ, ಓದಿದರು. ಬಳೆ ಸಾಬರು, ಹನ್ನೊಂದು ರೂಪಾಯಿ. ಈಗಿನ ಬಳೆಯವನ ತಂದೆ ಅವರು. ಕೆಳಗೆ ದೊಡ್ಡಪ್ಪನದೇ ರುಜು.

‘ಇವರ ದುಡ್ಡಿನ ಗಾಲಿ ಮೇಲೆ ದೇವರು ನಲವತ್ತು ವರ್ಷ ಓಡಾಡವ್ರೆ. ಇವರ ಬಳೆ ಮಾತ್ರ ಮೈಲಿಗೆಯಾ? ಹಂಗಾದ್ರೆ ಮೊದಲು ಗಾಲಿ ಬಿಚ್ರಪ್ಪ’ ಅಂದರು. ಕೂಗಲಿಲ್ಲ. ಆದರೆ ರಸೀದಿ ಹಿಡಿದ ಕೈ ನಡುಗುತ್ತಿತ್ತು.

ಒಬ್ಬ ಹುಡುಗ ‘ನಿಮ್ಮ ಕಾಲ ಮುಗೀತು ಗೌಡ್ರೆ’ ಅಂದ. ದೊಡ್ಡಪ್ಪ ಅವನ ಮುಖ ನೋಡಿ, ‘ಮುಗೀಲಿ, ನಾನಿರೋವರೆಗೆ ಅಂಗಡಿ ಇರ್ತದೆ’ ಅಂದು ಕೂತರು. ಅಂಗಡಿ ಇತ್ತು. ಆದರೆ ಅವತ್ತೇ ರಾತ್ರಿ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪನಿಗೆ ಬೈಗುಳದ ಮಳೆ. ಅವರ ತೋಟದಲ್ಲಿ ಉಂಡು ಬೆಳೆದವರೇ ಬರೆದರು. ನಾನು ಎಲ್ಲ ಓದಿದೆ. ಟೈಪ್ ಮಾಡಿದೆ, ಅಳಿಸಿದೆ. ಹಬ್ಬದ ದಿನ ಜಗಳ ಯಾಕೆ ಅಂತ ಫೋನು ಮಗುಚಿಟ್ಟು ಮಲಗಿದೆ. ದೊಡ್ಡ ನಾಯಕರು ಯಾಕೆ ಮಾತಾಡಲಿಲ್ಲ ಅಂತ ಅಷ್ಟು ವರ್ಷ ಕೇಳುತ್ತಿದ್ದವಳು ನಾನು. ನನ್ನ ಸರದಿ ಬಂದಾಗ ಬೇಕಾಗಿದ್ದದ್ದು ಒಂದು ಸಾಲು, ಅದನ್ನೂ ಬರೆಯಲಿಲ್ಲ.

ಆ ದಿನಗಳಲ್ಲಿ ಅವರ ಪಕ್ಷದೊಳಗಿಂದಲೂ ಕೆಲವು ದನಿ ಎದ್ದಿದ್ದವು. ಎಚ್. ವಿಶ್ವನಾಥ್, ಬೆಳಗಾವಿಯ ಶಾಸಕ ಅನಿಲ ಬೆನಕೆ ವ್ಯಾಪಾರದ ನಿರ್ಬಂಧವನ್ನು ಬಹಿರಂಗವಾಗಿ ವಿರೋಧಿಸಿದರು. ಧಾರವಾಡದ ನುಗ್ಗಿಕೇರಿಯಲ್ಲಿ ಕಲ್ಲಂಗಡಿ ಒಡೆದು ಹಾಕಿದ ಮೇಲೆ ಯಡಿಯೂರಪ್ಪನವರು ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಬದುಕಬೇಕು ಅಂದರು. ಬೇಲೂರಿನ ಚೆನ್ನಕೇಶವ ರಥೋತ್ಸವದಲ್ಲಿ ತೇರಿನ ಮುಂದೆ ಖಾಜಿಯವರು ಕುರಾನಿನ ಸಾಲು ಪಠಿಸುವ ಪದ್ಧತಿ ಇತ್ತು. ಅದನ್ನು ನಿಲ್ಲಿಸಬೇಕು ಅಂತ ಆ ವರ್ಷ ಒತ್ತಾಯ ಬಂತು. ಅವರದೇ ಪಕ್ಷದ ಸರ್ಕಾರದ ಮುಜರಾಯಿ ಇಲಾಖೆ, ಪದ್ಧತಿ ನಡೆದುಬಂದಂತೆ ನಡೆಯಲಿ ಅಂತ ಅನುಮತಿ ಕೊಟ್ಟಿತು. ಅನುಮತಿಯ ಹಿಂದೆ ಯಾರ ಯಾವ ಲೆಕ್ಕಾಚಾರ ಇತ್ತೋ, ನನಗೆ ಅದು ಬೇಡ. ತೇರಿನ ದಿನ ದೊಡ್ಡಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೇಲೂರಿಗೆ ಹೋದೆ. ಬಿಸಿಲಿಗೆ ಕಲ್ಲು ಕಾದಿತ್ತು, ಪೊಲೀಸರು ಎಂದಿಗಿಂತ ಹೆಚ್ಚಿದ್ದರು. ಖಾಜಿಯವರು ಪಠಿಸಿ ಮುಗಿಸಿದ ಕೂಡಲೇ ಗೋವಿಂದಾ ಅನ್ನುವ ಕೂಗು ಎದ್ದು ಹಗ್ಗ ಬಿಗಿಯಿತು. ದೊಡ್ಡಪ್ಪ ಬಾಳೆಹಣ್ಣು, ದವನ ಎಸೆದು ಕೈ ಮುಗಿದರು. ಬರುವಾಗ ಪುರಿ ಕಟ್ಟಿಸಿಕೊಂಡು ಬಂದೆವು.

ಹೋದ ಮಳೆಗಾಲದಲ್ಲಿ ಕರೆಂಟು ಹೋದ ಒಂದು ಸಂಜೆ ಅವರಿಗೆ ಅಮೆರಿಕದ ಮಾರ್ಗರೆಟ್ ಚೇಸ್ ಸ್ಮಿತ್ ಅವರ ಕಥೆ ಹೇಳಿದೆ. ಮೇನ್ ರಾಜ್ಯದ ರಿಪಬ್ಲಿಕನ್ ಸೆನೆಟರ್. ಕಂಡಕಂಡವರಿಗೆಲ್ಲ ಕಮ್ಯುನಿಸ್ಟ್, ದೇಶದ್ರೋಹಿ ಅಂತ ಹಣೆಪಟ್ಟಿ ಹಚ್ಚುತ್ತಿದ್ದ ಜೋಸೆಫ್ ಮೆಕಾರ್ಥಿ ಆಕೆಯದೇ ಪಕ್ಷದವರು. ಊರೇ ಹೆದರಿ ಕೂತಿದ್ದ ಕಾಲದಲ್ಲಿ, 1950ರ ಜೂನ್ 1ರಂದು, ಸೆನೆಟ್ಟಿನಲ್ಲಿ ಎದ್ದು ನಿಂತರು. ಭಯ, ಅಜ್ಞಾನ, ಮತಾಂಧತೆ, ಚಾರಿತ್ರ್ಯಹರಣ ಈ ನಾಲ್ಕರ ಬೆನ್ನೇರಿ ನನ್ನ ಪಕ್ಷ ಗೆಲ್ಲುವುದು ನನಗೆ ಬೇಡ ಅನ್ನುವ ಅರ್ಥದ ಮಾತಾಡಿದರು. ಆಕೆಯ ಹೇಳಿಕೆಗೆ ಜೊತೆಗೆ ರುಜು ಹಾಕಿದವರು ಆರೇ ಸೆನೆಟರುಗಳು. ಮೆಕಾರ್ಥಿ ಅವರನ್ನೆಲ್ಲ ಗೇಲಿ ಮಾಡಿದರು, ಆಕೆಯನ್ನು ಒಂದು ಉಪಸಮಿತಿಯಿಂದ ಕಿತ್ತುಹಾಕಿದರು. ಸೆನೆಟ್ಟು ಮೆಕಾರ್ಥಿಗೆ ಛೀಮಾರಿ ಹಾಕಿದ್ದು ನಾಲ್ಕು ವರ್ಷ ಕಳೆದ ಮೇಲೆ.

ದೊಡ್ಡಪ್ಪ ಸೀಮೆಎಣ್ಣೆ ದೀಪದ ಬತ್ತಿ ಸರಿಮಾಡುತ್ತಾ ಕೇಳಿದರು: ‘ಆಯಮ್ಮ ಪಕ್ಷ ಬಿಟ್ರಾ?’

‘ಇಲ್ಲ ದೊಡ್ಡಪ್ಪ.’

‘ಮತ್ತೆ ಗೆದ್ರಾ?’

‘ಗೆದ್ದರು. ಆ ಮಾತಾಡಿದ ಮೇಲೂ ಇಪ್ಪತ್ತೆರಡು ವರ್ಷ ಸೆನೆಟ್ಟಿನಲ್ಲಿದ್ದರು.’

ಸ್ವಲ್ಪ ಹೊತ್ತು ಮಳೆ ಕೇಳುತ್ತಾ ಕೂತರು. ‘ಹಂಗಾದ್ರೆ ಆ ಊರಿನ ಜನ ಒಳ್ಳೇರು ಕಣ್ ಮಗಾ’ ಅಂದರು.

ನಾನು ನಾಯಕರನ್ನು ಅಳೆಯುತ್ತಾ ಕೂತಿದ್ದೆ, ಅವರು ಅಳತೆಗೋಲನ್ನು ನನ್ನ ಕಡೆ ತಿರುಗಿಸಿದ್ದರು. ಬೇಕೆಂದು ತಿರುಗಿಸಿದ್ದಲ್ಲ ಅಂತ ಗೊತ್ತು. ವಾಟ್ಸಾಪಿನ ಆ ರಾತ್ರಿಯ ವಿಷಯ ಅವರಿಗೆ ನಾನು ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಯಾರಾದರೂ ಓದಿ ಹೇಳುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ಅವರ ಪಕ್ಷದ ಸದಸ್ಯತ್ವ ಅಭಿಯಾನ ಶುರುವಾದಾಗ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ಒಬ್ಬ ಅವತ್ತು ‘ನಿಮ್ಮ ಕಾಲ ಮುಗೀತು’ ಅಂದವನೇ. ದೊಡ್ಡಮ್ಮ ಇಬ್ಬರಿಗೂ ಕಾಫಿ ಕೊಟ್ಟರು. ಇನ್ನೇನು ಬೇಡ ಅಂತಾರೆ ಅಂತ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ದೊಡ್ಡಪ್ಪ ತಮ್ಮ ಬಟನ್ ಫೋನು ಮುಂದೆ ಹಿಡಿದರು. ಹುಡುಗ ಅದರಿಂದ ಮಿಸ್ಡ್ ಕಾಲ್ ಕೊಟ್ಟ.

‘ರಸೀದಿ?’ ಅಂದರು ದೊಡ್ಡಪ್ಪ.

‘ರಸೀದಿ ಎಲ್ಲ ಇಲ್ಲ ಗೌಡ್ರೆ. ಮೆಸೇಜು ಬರುತ್ತೆ.’

ಹುಡುಗರು ಹೋದ ಮೇಲೆ ಫೋನು ಟುಣ್ ಅಂತು. ಕಣ್ಣಿಗೆ ಪೊರೆ ಬಂದಿದೆ, ಅಷ್ಟು ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಟ್ರಂಕಿನಿಂದ ಹಳೇ ಪುಸ್ತಕ ತೆಗೆದು, ಖಾಲಿ ಉಳಿದಿದ್ದ ಕೊನೆಯ ಹಾಳೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು ಕಾದರು. ನಾನು ಒಂದೊಂದೇ ಅಂಕಿ ಓದಿದೆ, ಅವರು ಒಂದೊಂದೇ ಬರೆದುಕೊಂಡರು.